ಹಿಂದಿನಿಂದ ಬರುವವರಿಗೆ ಬೈಕ್ ಕಾಣಬೇಕು: ಮಂಡ್ಯ–ಮೈಸೂರು ದಾರಿಯ ಅನುಭವಗಳು

ಕೇಳಿದವರು, ಮಂಡ್ಯ:
ಮೈಸೂರಿನ ಹೂಟಗಳ್ಳಿಯಲ್ಲಿ ನನ್ನ ಕೆಲಸ. ಎರಡನೇ ಪಾಳಿ ಮುಗಿಸಿ ರಾತ್ರಿ ಹನ್ನೊಂದರ ಮೇಲೆ ಊರಿಗೆ ಹೊರಡುತ್ತೇನೆ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕ್ ಹತ್ತಿಸುವಂತಿಲ್ಲ, ಸರ್ವಿಸ್ ರಸ್ತೆಯೇ ಗತಿ. ಕಳೆದ ವಾರ ಬಲಕ್ಕೆ ತಿರುಗುವಾಗ ಹಿಂದಿನ ಕಾರು ಕೂದಲೆಳೆಯಲ್ಲಿ ತಪ್ಪಿತು. ಇಂಡಿಕೇಟರ್ ಕಾಣಲೇ ಇಲ್ಲ ಎಂದರು ಚಾಲಕರು. ಅವರ ಮಾತು ಸುಳ್ಳಲ್ಲ. ಹನ್ನೊಂದು ವರ್ಷದ 125 ಸಿಸಿ ಬೈಕ್, ಎಲ್ಲವೂ ಹಳೆಯ ಬಲ್ಬುಗಳು. ಎಲ್‌ಇಡಿ ಹಾಕಿಸಿದರೆ ಸಾಕೇ? ಮಾಡಿಸಿ ನೋಡಿದವರು ದಯವಿಟ್ಟು ಹೇಳಿ.

ಶ್ರೀರಂಗಪಟ್ಟಣದಿಂದ:
ದುಡ್ಡು ಕೊಡುವ ಮೊದಲು ಇರುವ ದೀಪ ಏಕೆ ಮಂಕಾಗಿದೆ ಎಂದು ಹುಡುಕಿ. ನನ್ನ ಬೈಕಿನ ಇಂಡಿಕೇಟರ್ ಮಿಂಚುಹುಳದಷ್ಟು ಸಣ್ಣಗೆ ಉರಿಯುತ್ತಿತ್ತು. ತಪ್ಪು ಬಲ್ಬಿನದಾಗಿರಲಿಲ್ಲ, ಅರ್ಥ್ ತಂತಿಯದು, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿಯದು. ಬೈಕಿನ ಚೌಕಟ್ಟಿಗೆ ಅದನ್ನು ಬಿಗಿದ ಬೋಲ್ಟಿನ ಸುತ್ತ ತುಕ್ಕು, ಹೋಲ್ಡರಿನೊಳಗೆ ಹಸಿರು ಕಿಲುಬು. ಉಜ್ಜಿ ಬಿಗಿದು, ಗಾಜಿನ ಒಳಗಿನ ಧೂಳು ಒರೆಸಿದ ಮೇಲೆ ಅದೇ 10 ವ್ಯಾಟ್ ಬಲ್ಬ್ ಎಷ್ಟು ಚೆನ್ನಾಗಿ ಬೆಳಗಿತೆಂದರೆ, ಅಷ್ಟು ದಿನ ಹಾಗೇ ಓಡಿಸಿದ್ದಕ್ಕೆ ನನಗೇ ಭಯವಾಯಿತು. ಹಿಂಬದಿ ಬ್ರೇಕಿನ ಸ್ವಿಚ್ಚನ್ನೂ ಪರೀಕ್ಷಿಸಿ. ಅದರ ಸ್ಪ್ರಿಂಗ್ ಸಡಿಲವಾಗಿದ್ದರೆ ಬ್ರೇಕ್ ಹಿಡಿದು ಎಷ್ಟೋ ಹೊತ್ತಾದ ಮೇಲೆ ದೀಪ ಹತ್ತುತ್ತದೆ.

ಆಮೇಲೆ ಎಲ್‌ಇಡಿ ಹಾಕಿಸಿ, ಅದರಿಂದ ಲಾಭವಿದೆ. ಹಳೆಯ ಬಲ್ಬಿನ ತಂತಿ ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಗಾಡಿ ಅಷ್ಟರಲ್ಲೇ ಮೂರು ಮೀಟರ್ ಹತ್ತಿರ ಬಂದಿರುತ್ತದೆ. ಎಲ್‌ಇಡಿ ತಕ್ಷಣ ಹತ್ತುತ್ತದೆ. ಆದರೆ ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ ಹಾಕಿಸಿ. ಬಿಳಿಯದನ್ನು ಹಾಕಿಸಿದರೆ ನಸುಗುಲಾಬಿಯಾಗಿ ಪೇಲವವಾಗುತ್ತದೆ, ನಾನು ಹಾಕಿಸಿ ತೆಗೆಸಿದ್ದೇನೆ. ದೀಪದ ಕೆಳಗಿನ ಕಿಟಕಿಯಿಂದ ನಂಬರ್ ಪ್ಲೇಟಿನ ಮೇಲೆ ಬಿಳಿ ಬೆಳಕು ಬೀಳಬೇಕಾದ್ದರಿಂದ, ಕೆಳಮುಖವಾಗಿ ಬಿಳಿ ಎಲ್‌ಇಡಿಗಳಿರುವ ಬಲ್ಬನ್ನೇ ಕೇಳಿ. ಅಂಗಡಿಯಲ್ಲೇ ಬ್ರೇಕ್ ಒತ್ತಿ ನೋಡಿ. ಅಗ್ಗದ ಕೆಲವು ಬಲ್ಬುಗಳಲ್ಲಿ ಸಾಮಾನ್ಯ ಬೆಳಕಿಗೂ ಬ್ರೇಕ್ ಬೆಳಕಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅಂಥದ್ದಕ್ಕಿಂತ ಬ್ರೇಕಿಗೆ 21, ಸಾಮಾನ್ಯ ಬೆಳಕಿಗೆ 5 ವ್ಯಾಟಿನ ಹಳೆಯ ಬಲ್ಬೇ ಮೇಲು.

ಮೈಸೂರಿನಿಂದ, ವೈರಿಂಗ್ ಕೆಲಸ ಮಾಡುವವರು:
ಇಂಡಿಕೇಟರಿಗೆ ಎಲ್‌ಇಡಿ ಹಾಕಿಸಿದವರು ಮರುದಿನವೇ ಬಂದು ಪಟಪಟನೆ ಮಿನುಗುತ್ತದೆ ಎನ್ನುತ್ತಾರೆ. ಇಂಡಿಕೇಟರನ್ನು ಮಿನುಗಿಸುವ ಪುಟ್ಟ ಡಬ್ಬಿಯೇ ಫ್ಲಾಷರ್. ಹಳೆಯ ಫ್ಲಾಷರ್ ಎರಡು 10 ವ್ಯಾಟ್ ಬಲ್ಬು ಎಳೆಯುವ ಕರೆಂಟಿಗೆ ಹೊಂದಿಕೊಂಡಿರುತ್ತದೆ. ಎಲ್‌ಇಡಿ ಅಷ್ಟು ಎಳೆಯದ ಕಾರಣ ಬಲ್ಬ್ ಸುಟ್ಟಾಗಿನಂತೆಯೇ ಅದು ನಡೆದುಕೊಳ್ಳುತ್ತದೆ. ಮಿನುಗು ನಿಮಿಷಕ್ಕೆ 60ರಿಂದ 120ರ ಒಳಗಿರಬೇಕು. ಎಲ್‌ಇಡಿಗೆಂದೇ ಬರುವ ಫ್ಲಾಷರ್ ಹಾಕಿಸಿ. ಹಳೆಯ ಬಲ್ಬಿನಷ್ಟೇ ಕರೆಂಟ್ ಎಳೆಯಲೆಂದು ರೆಸಿಸ್ಟರ್ ಜೋಡಿಸುವುದು ನನಗೆ ಇಷ್ಟವಿಲ್ಲ. ಅದು ಕೈ ಸುಡುವಷ್ಟು ಕಾಯುತ್ತದೆ, ಪ್ಲಾಸ್ಟಿಕ್ ಕರಗಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ನಿಮ್ಮ ಮೀಟರಿನಲ್ಲಿ ಎಡಬಲ ಎರಡಕ್ಕೂ ಒಂದೇ ಸೂಚಕ ಬಲ್ಬ್ ಇದ್ದರೆ ಇನ್ನೊಂದು ತೊಡಕಿದೆ. ಬಲಕ್ಕೆ ಹಾಕಿದರೆ ನಾಲ್ಕೂ ದೀಪ ಮಿನುಗಬಹುದು, ಏಕೆಂದರೆ ಆ ಸಣ್ಣ ಬಲ್ಬಿನ ಮೂಲಕ ಕರೆಂಟ್ ಆಚೆ ಬದಿಗೂ ಹರಿಯುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಡಯೋಡ್ ಹಾಕಿ, ಸೂಚಕ ಬಲ್ಬಿಗೆ ಬೇರೆಯೇ ಅರ್ಥ್ ಕೊಟ್ಟರೆ ಸರಿಹೋಗುತ್ತದೆ. ಸಾಮಾನು ಅಗ್ಗ, ತಾಳ್ಮೆಯ ಕೆಲಸ.

ಕಪ್ಪು ಬಣ್ಣದ ಗಾಜು, ಬೆರಳುಗಾತ್ರದ ಇಂಡಿಕೇಟರ್, ನೀಲಿ ಮಿಂಚುದೀಪ ಇವನ್ನು ಯಾರು ಕೇಳಿದರೂ ನಾನು ಹಾಕಿಕೊಡುವುದಿಲ್ಲ. ಎಡ ಬಲ ಇಂಡಿಕೇಟರುಗಳ ನಡುವೆ ಅಂತರವಿದ್ದರೆ ತಾನೇ ಯಾವ ಕಡೆಗೆ ತಿರುಗುತ್ತೀರಿ ಎಂಬುದು ದೂರದಿಂದ ತಿಳಿಯುವುದು?

ಯಾದವಗಿರಿಯಿಂದ:
ನಮ್ಮ ಮನೆಯಲ್ಲಿ ತಂದೆಯವರ ಹಳೆಯ ಯೆಜ್ಡಿ ಬೈಕ್ ಇದೆ, ಇದೇ ಬಡಾವಣೆಯ ಕಾರ್ಖಾನೆಯಲ್ಲಿ ತಯಾರಾದದ್ದು. ಹಳೆಯ ಗಾಡಿ ಇರುವವರಿಗೆ ಒಂದೇ ಮಾತು: ನಿಮ್ಮದು 6 ವೋಲ್ಟೋ 12 ವೋಲ್ಟೋ ನೋಡಿಕೊಳ್ಳಿ. ನಮ್ಮದು 6 ವೋಲ್ಟ್. 12 ವೋಲ್ಟಿನ ಎಲ್‌ಇಡಿ ತಂದು ಹಾಕಿದಾಗ ಸರಿಯಾಗಿ ಬೆಳಗಲೇ ಇಲ್ಲ.

ಪಾಂಡವಪುರದಿಂದ:
ದೀಪ ಎಷ್ಟು ಚೆನ್ನಾಗಿದ್ದರೇನು, ಮುಚ್ಚಿಹೋದರೆ? ನಾವು ಹಾಲಿನ ಕ್ಯಾನ್, ಹುಲ್ಲಿನ ಹೊರೆ ಕಟ್ಟುವವರು. ಒಮ್ಮೆ ನಾಲೆ ಏರಿಯ ಮೇಲೆ ಸಂಜೆ ಹುಲ್ಲು ತರುವಾಗ ಹಿಂದಿನಿಂದ ಬಂದ ಟ್ರ್ಯಾಕ್ಟರ್ ತೀರಾ ಹತ್ತಿರ ಬಂದು ನಿಂತಿತು. ಹುಲ್ಲು ಜೋತುಬಿದ್ದು ಮೂರೂ ದೀಪ ಮುಚ್ಚಿದ್ದವು. ಈಗ ಹೊರೆಯನ್ನು ದೀಪದಿಂದ ಮೇಲಕ್ಕೆ ಎತ್ತಿ ಕಟ್ಟುತ್ತೇನೆ, ಕ್ಯಾನಿಗೆ ಕೆಂಪು ಪ್ರತಿಫಲನ ಪಟ್ಟಿ ಅಂಟಿಸಿದ್ದೇನೆ. ಕಬ್ಬಿನ ಗಾಡಿ ಓಡಿಸುವ ನಮ್ಮ ಅಣ್ಣನೂ ಗಾಡಿಯ ಹಿಂದೆ ಅದನ್ನೇ ಅಂಟಿಸಿಕೊಂಡ. ಬ್ಯಾಟರಿ ಬೇಡ, ಸುಟ್ಟುಹೋಗುವ ಭಯವಿಲ್ಲ. ಹಿಂದಿನವರ ದೀಪ ಬಿದ್ದರೆ ಸಾಕು.

ಕೇಳಿದವರು, ಮಂಡ್ಯ:
ಎಲ್ಲರಿಗೂ ನಮಸ್ಕಾರ. ಸೀಟು ಬಿಚ್ಚಿ ನೋಡಿದೆ, ಅರ್ಥ್ ಬೋಲ್ಟ್ ಕೈಯಲ್ಲೇ ತಿರುಗುತ್ತಿತ್ತು. ಬಲಗಡೆ ಇಂಡಿಕೇಟರಿನ ಹೋಲ್ಡರ್ ಪೂರ್ತಿ ಕಿಲುಬು. ಎರಡನ್ನೂ ಸರಿಮಾಡಿ, ರಾತ್ರಿ ತಮ್ಮನನ್ನು ಬೀದಿಯ ಕೊನೆಯಲ್ಲಿ ನಿಲ್ಲಿಸಿದೆ. ಎಡ ಯಾವುದು ಬಲ ಯಾವುದು ಎಂದು ಅಲ್ಲಿಂದಲೇ ಕೂಗಿ ಹೇಳಿದ. ಬ್ರೇಕಿಗೆ ಕೆಂಪು ಎಲ್‌ಇಡಿ ತಂದಿದ್ದೇನೆ, ಫ್ಲಾಷರ್ ಭಾನುವಾರ ಬದಲಿಸುತ್ತೇನೆ. ಮೀಟರಿನಲ್ಲಿ ಇರುವುದು ಒಂದೇ ಸೂಚಕ ಬಲ್ಬ್. ಆ ಎರಡು ಡಯೋಡ್ ಯಾವ ತಂತಿಗೆ ಹೇಗೆ ಸೇರಿಸಬೇಕೆಂದು ಒಂದು ಚಿತ್ರ ಬರೆದುಕೊಡುತ್ತೀರಾ, ಸರ್?