ಅಪ್‌ಡೇಟ್: ವ್ಯಾನ್ ಗೋ ನೋಡ್ಕೊಂಡು ಬಂದ್ವಿ

ಆಮ್‌ಸ್ಟರ್‌ಡ್ಯಾಮಲ್ಲಿ ಒಂದೇ ದಿನ ಇರ್ತೀವಿ, ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಚಿತ್ರಗಳಿರೋ ವ್ಯಾನ್ ಗೋ ಮ್ಯೂಸಿಯಂ ಟಿಕೆಟ್ ಬಾಗಿಲಲ್ಲೇ ಸಿಗುತ್ತಾ ಅಂತ ಕೇಳಿದ್ದೆನಲ್ಲ. ಸಿಗಲ್ಲ, ಆನ್‌ಲೈನಲ್ಲೇ ಟೈಮ್ ಹಿಡಿದು ಬುಕ್ ಮಾಡು ಅಂದವರಿಗೆ ದೊಡ್ಡ ನಮಸ್ಕಾರ. ಬುಕ್ ಮಾಡದೆ ಬಂದವರು ಪೆಚ್ಚುಮೋರೆ ಹಾಕ್ಕೊಂಡು ವಾಪಸ್ ಹೋಗ್ತಿದ್ರು.

ಅಮ್ಮ 'ಆಲೂಗಡ್ಡೆ ತಿನ್ನುವವರು' ಬಿಟ್ಟು ಕದಲಲೇ ಇಲ್ಲ. 1885ರ ಚಿತ್ರ, ಒಂದೇ ದೀಪ, ಸುತ್ತ ಐದು ಜನ, ಗಂಟುಗಂಟು ಬೆರಳು. "ನಮ್ಮಜ್ಜಿ ಮನೇಲೂ ಹಿಂಗೇ ಚಿಮಣಿ ದೀಪದಲ್ಲಿ ಉಣ್ತಿದ್ವಿ ಕಣೋ" ಅಂದ್ರು.

ನಾನು ಸೋತಿದ್ದು ಬಾದಾಮಿ ಹೂವಿನ ಚಿತ್ರಕ್ಕೆ. 1890ರಲ್ಲಿ, ವ್ಯಾನ್ ಗೋ ತನ್ನ ತಮ್ಮ ಥಿಯೋಗೆ ಮಗ ಹುಟ್ಟಿದ ಖುಷಿಗೆ ಬರೆದದ್ದು. ಮಗುವಿಗೂ ವಿನ್ಸೆಂಟ್ ಅಂತಲೇ ಹೆಸರಿಟ್ಟಿದ್ರು. ಹತ್ತಿರದಿಂದ ನೋಡಿದ್ರೆ ಕೊಂಬೆಯ ಮೇಲೆ ಬ್ರಷ್ ಎಳೆದ ಗೆರೆ ಕೂಡ ಕಾಣುತ್ತೆ.

ಅವನ 'ನಕ್ಷತ್ರದ ರಾತ್ರಿ' ಚಿತ್ರ ಮಾತ್ರ ಇಲ್ಲಿ ಹುಡುಕಬೇಡಿ, ಅದು ನ್ಯೂಯಾರ್ಕಲ್ಲಿದೆ. ನಾನು ಪೆದ್ದನ ಹಾಗೆ ಮೂರು ಮಹಡಿ ಸುತ್ತಿದೆ.