ಇಂಗಾಲದ 'ತೀವ್ರತೆ' ಅಂದರೆ ಓದುವವರಿಗೆ ಏನು ತಿಳಿಯುತ್ತೆ?

ಗೆಳೆಯರೇ, ನಮಸ್ಕಾರ. ಒಂದು ಪದಕ್ಕೆ ನಿಮ್ಮ ನೆರವು ಬೇಕು.

ಜಮಖಂಡಿಯ ಕಾಲೇಜು ಮಕ್ಕಳಿಗಾಗಿ ಪುಟ್ಟ ಪುಸ್ತಿಕೆಯೊಂದನ್ನು ಬರೆಯುತ್ತಿದ್ದೇನೆ. ಒಂದು ದೇಶದ ಲಾರಿ, ಬಸ್ಸು, ರೈಲು, ವಿಮಾನ ಎಲ್ಲ ಸೇರಿ ಪರಿಸರದ ಮೇಲೆ ಎಷ್ಟು ಹೊರೆ ಹಾಕುತ್ತವೆ, ಅದನ್ನು ಅಳೆಯುವುದು ಹೇಗೆ ಅನ್ನುವುದು ವಿಷಯ. ('ಸಾರಿಗೆ ವಲಯ' ಅಂದರೆ ನಮ್ಮ ಕಡೆ ಸರ್ಕಾರಿ ಬಸ್ಸೇ ನೆನಪಾಗುತ್ತೆ, ಅದಕ್ಕೆ ಬಿಡಿಸಿ ಬರೆದೆ.) ಸಸ್ಟೇನಬಲ್ ಅನ್ನುವುದಕ್ಕೆ 'ಸುಸ್ಥಿರ' ರೂಢಿಯಾಗಿದೆ, ಇರಲಿ. ತೊಡಕಾಗಿರುವುದು 'ಕಾರ್ಬನ್ ಇಂಟೆನ್ಸಿಟಿ'ಯಲ್ಲಿರುವ ಇಂಟೆನ್ಸಿಟಿ. ಪತ್ರಿಕೆಗಳಲ್ಲಿ ಇದಕ್ಕೆ 'ತೀವ್ರತೆ' ಅಂತ ಬರೆಯುತ್ತಾರೆ.

ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಪಕ್ಕದ ಮನೆಯ ಹುಡುಗನಿಗೆ ಕರಡು ಓದಿ ಹೇಳಿದೆ. "ತೀವ್ರ ಅಂದ್ರ ಜೋರ ಅಂತಲ್ರೀ ಸರ? ಜ್ವರ ತೀವ್ರ ಆತು ಅಂತಾರಲ್ಲ, ಹಂಗ" ಅಂದ. ಅವನು ಹೇಳಿದ್ದು ಸರಿಯಾಗೇ ಇದೆ. ಆದರೆ ಇಲ್ಲಿ ಬೇಕಾದ ಅರ್ಥ ಅದಲ್ಲ. ಒಂದು ಟನ್ ಮಾಲನ್ನು ಒಂದು ಕಿಲೋಮೀಟರ್ ಒಯ್ಯಲು ಎಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬಂತು, ಅಷ್ಟೇ.

ಇದು ಸಣ್ಣ ವಿಷಯ ಅಲ್ಲ. 2005ಕ್ಕೆ ಹೋಲಿಸಿದರೆ 2030ರ ಹೊತ್ತಿಗೆ ತನ್ನ ಆರ್ಥಿಕತೆಯ 'ಹೊರಸೂಸುವಿಕೆ ತೀವ್ರತೆ'ಯನ್ನು ಶೇ 33ರಿಂದ 35ರಷ್ಟು ತಗ್ಗಿಸುವುದಾಗಿ ಭಾರತ 2015ರಲ್ಲಿ ಹೇಳಿತು, 2022ರಲ್ಲಿ ಅದನ್ನು ಶೇ 45ಕ್ಕೆ ಏರಿಸಿತು. ಇದನ್ನು ಓದಿದವರು ದೇಶದಿಂದ ಹೊರಬರುವ ಅನಿಲವೇ ಅರ್ಧಕ್ಕರ್ಧ ಕಡಿಮೆ ಆಗುತ್ತೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದೊಂದು ರೂಪಾಯಿ ಉತ್ಪಾದನೆಗೆ ಬೀಳುವ ಅನಿಲ ಕಡಿಮೆ ಆಗಬೇಕು, ಒಟ್ಟು ಮೊತ್ತ ಹೆಚ್ಚಾದರೂ ಮಾತು ತಪ್ಪಿದಂತಲ್ಲ. ಸಾಗಣೆಯಲ್ಲೂ ಇದೇ ಲೆಕ್ಕ. ಟನ್-ಕಿಲೋಮೀಟರಿಗೆ 100 ಗ್ರಾಂ ಇದ್ದದ್ದು 80ಕ್ಕೆ ಇಳಿಯಿತು, ಆದರೆ ಮಾಲು ಎರಡು ಪಟ್ಟಾಯಿತು ಅಂತ ಇಟ್ಟುಕೊಳ್ಳಿ. ಮೊದಲು 100 ಇದ್ದ ಒಟ್ಟು ಹೊರೆ ಈಗ 160! ಈ ಎರಡು ಅಳತೆಗಳನ್ನು ಬೇರೆ ಮಾಡಿ ತೋರಿಸದ ಪದ ಓದುಗರ ದಾರಿ ತಪ್ಪಿಸುತ್ತೆ, ಅಲ್ವಾ?

'ದರ' ಹಾಕೋಣ ಅಂದುಕೊಂಡೆ. ಜನನ ದರ, ಮರಣ ದರ ಅಂತ ಬಳಸುತ್ತೇವೆ ನಿಜ, ಆದರೆ ಕಬ್ಬು ಬೆಳೆಯುವವರಿಗೆ ದರ ಅಂದರೆ ಬೆಲೆಯೇ. 'ಪ್ರಮಾಣ' ಅಂದರೆ ಒಟ್ಟು ಅಂತಲೂ ಆಗುತ್ತೆ. 'ತಲಾ' ಮನುಷ್ಯರಿಗೆ ಚೆಂದ, ಟನ್ನಿಗೆ ಒಗ್ಗುವುದಿಲ್ಲ. ಎಕರೆಗೆ ಇಷ್ಟು ಅಂತ ಲೆಕ್ಕ ಹಾಕುವ 'ಇಳುವರಿ' ತುಂಬಾ ಹತ್ತಿರ ಬರುತ್ತೆ, ಆದರೆ ಅದು ಜಾಸ್ತಿ ಆದಷ್ಟೂ ಒಳ್ಳೆಯದು. ಇದು ಕಡಿಮೆ ಆಗಬೇಕಾದದ್ದು.

ಹೊರಬರುವ ಅನಿಲಕ್ಕೆ 'ಹೊಗೆ' ಅನ್ನುವ ಪದವನ್ನೂ ಬಿಟ್ಟಿದ್ದೇನೆ. 2020ರ ಏಪ್ರಿಲ್ 1ರಿಂದ ಕಡ್ಡಾಯವಾದ ಬಿಎಸ್-6 ಅನ್ನುವ ಮಾಲಿನ್ಯ ಮಿತಿಗೆ ಒಳಪಟ್ಟ ಗಾಡಿಗಳಲ್ಲಿ ಹೊಗೆ ಕಡಿಮೆ, ಮಸಿ ಕಡಿಮೆ. ಆದರೆ ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.6 ಕೆಜಿ ಇಂಗಾಲದ ಡೈಆಕ್ಸೈಡ್ ಬಂದೇ ಬರುತ್ತೆ, ಅದು ಕಣ್ಣಿಗೆ ಕಾಣುವುದಿಲ್ಲ.

ಲೆಕ್ಕ ಬಿಡಿಸಿ ಹೇಳಿದ ಮೇಲೆ ಆ ಹುಡುಗ, "ಹಂಗಾದ್ರ ಟನ್ನಿಗೆ ಎಷ್ಟ ಬಿತ್ತು ಅಂತ ಬರೀರಿ ಸರ" ಅಂದ. ನನಗೆ ಆ 'ಬೀಳು' ತುಂಬಾ ಹಿಡಿಸಿತು. 'ಟನ್-ಕಿಲೋಮೀಟರಿಗೆ ಬೀಳುವ ಇಂಗಾಲ' ಅಂತಲೇ ಈಗ ಬರೆಯುತ್ತಿದ್ದೇನೆ. ವಾಕ್ಯದೊಳಗೆ ಸಲೀಸಾಗಿ ಕೂರುತ್ತೆ, ಕೋಷ್ಟಕದ ತಲೆಬರಹಕ್ಕೆ ಮಾತ್ರ ಉದ್ದ. ಈ ಅರ್ಥಕ್ಕೆ 'ಬೀಳು'ವಿನಿಂದಲೇ ಆದ ನಾಮಪದ ನಿಮ್ಮ ಕಡೆಯ ಮಾತಿನಲ್ಲಿ ಇದೆಯಾ? ಧಾರವಾಡ, ಕಲಬುರಗಿ ಕಡೆಯವರು, ಲೆಕ್ಕಪತ್ರ ಬರೆಯುವವರು ದಯವಿಟ್ಟು ಹೇಳಿ.