ಸಿಪ್ರೊ ಮಾತ್ರೆ ಜೊತೆ ಮೊಸರನ್ನ ತಿನ್ನಬಹುದಾ?

ಪ್ರಶ್ನೆ: ನನಗೆ ಕ್ರೋನ್ಸ್ ಕಾಯಿಲೆ (ಕರುಳಿನ ದೀರ್ಘಕಾಲದ ಉರಿಯೂತ). ಗುದದ ಪಕ್ಕ ಕೀವಾಗಿದ್ದಕ್ಕೆ ಡಾಕ್ಟರು ಸಿಪ್ರೊಫ್ಲಾಕ್ಸಾಸಿನ್ (ಸಿಪ್ರೊ), ಮೆಟ್ರೊನಿಡಜೋಲ್ ಅನ್ನೋ ಆ್ಯಂಟಿಬಯಾಟಿಕ್ ಮಾತ್ರೆ ಬರೆದುಕೊಟ್ಟಿದ್ದಾರೆ. ಬೆಳಿಗ್ಗೆ 8, ರಾತ್ರಿ 8. ಬಾಯೆಲ್ಲಾ ತುಕ್ಕು ಹಿಡಿದ ಮೊಳೆ ಚೀಪಿದ ಹಾಗಿದೆ, ಕಾಫಿ ಕೂಡ ಸೇರುತ್ತಿಲ್ಲ. ಮಾತ್ರೆ ನುಂಗಿದ ತಕ್ಷಣ ಅಮ್ಮ ಮೊಸರನ್ನ ಮುಂದಿಡುತ್ತಾರೆ, ‘ಹೊಟ್ಟೆ ತಂಪಾಗ್ಲಿ’ ಅಂತ. ಸರಿನಾ?

ಉತ್ತರ 1: ಆ ರುಚಿ ಮೆಟ್ರೊನಿಡಜೋಲ್‌ದು, ಕೋರ್ಸ್ ಮುಗಿದರೆ ಹೋಗುತ್ತದೆ. ಮೊಸರಿನ ಕ್ಯಾಲ್ಸಿಯಂ ಸಿಪ್ರೊವನ್ನು ಹಿಡಿದಿಟ್ಟುಕೊಳ್ಳುತ್ತದೆ, ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮಾತ್ರೆ ನುಂಗಿದ ಮೇಲೆ 2 ಗಂಟೆಯಾದರೂ ಬಿಡಿ.

ಉತ್ತರ 2: ಮೊಸರಿನ ಬದಲು ಪ್ರೊಬಯಾಟಿಕ್ ಪುಡಿ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ) ಬೇಕಾ ಅಂತ ನಾನೂ ಡಾಕ್ಟರನ್ನ ಕೇಳಿದ್ದೆ. ಕ್ರೋನ್ಸ್‌ಗೆ ಲಾಭ ಸಾಬೀತಾಗಿಲ್ಲ ಎಂದರು. ಸುಮ್ನೆ ದುಡ್ಡು ದಂಡ, ಅಲ್ವಾ?

ಉತ್ತರ 3: ಭೇದಿ ಜಾಸ್ತಿಯಾದರೆ ಮಲ ಪರೀಕ್ಷೆ ಮಾಡಿಸಿ. ಆ್ಯಂಟಿಬಯಾಟಿಕ್ ಆದಮೇಲೆ ನನಗೆ ಸಿ. ಡಿಫ್ ಸೋಂಕು (ಭೇದಿ ತರಿಸುವ ಕರುಳಿನ ಬ್ಯಾಕ್ಟೀರಿಯಾ ಸೋಂಕು) ಬಂದು, ಅದಕ್ಕೆ 10 ದಿನ ವ್ಯಾಂಕೊಮೈಸಿನ್ ಅನ್ನೋ ಇನ್ನೊಂದು ಆ್ಯಂಟಿಬಯಾಟಿಕ್ ನುಂಗಿದೆ.

ಪ್ರಶ್ನೆ ಕೇಳಿದವನು: ಅಮ್ಮನಿಗೆ ಓದಿ ಹೇಳಿದೆ. ಮೊಸರನ್ನ ಮಧ್ಯಾಹ್ನ 1ಕ್ಕೆ ಹೋಯಿತು, ಉಪ್ಪಿನಕಾಯಿ ಇಲ್ಲದೆ.